ಮೇರಿಯ ಮೇಲುಹೊದಿಕೆ, ಅಮ್ಮನ ಸೀರೆ

ನ್ಯೂರೆಂಬರ್ಗಿನಲ್ಲಿ ನಾನು ರೈಲಿಳಿದಾಗ ಮಳೆ ಬರುತ್ತಿತ್ತು ಎಂದು ಈ ಬರಹ ಶುರುಮಾಡಿದ್ದೆ. ಆಮೇಲೆ ಫೋನು ತೆಗೆದು ನೋಡಿದರೆ ಆ ದಿನದ ಚಿತ್ರಗಳಲ್ಲೆಲ್ಲ ಬಿಸಿಲು. ನೆಲ ಒಣಗಿದೆ, ಜನ ಕಪ್ಪು ಕನ್ನಡಕ ಹಾಕಿದ್ದಾರೆ, ನನ್ನ ಕೈಯಲ್ಲಿ ಕೊಡೆಯೂ ಇಲ್ಲ. ಹಾಗಾದರೆ ನನ್ನ ತಲೆಯೊಳಗೆ ಒದ್ದೆಯಾಗಿ ಹೊಳೆಯುತ್ತಿರುವ ಆ ಕಲ್ಲುಹಾಸಿನ ಬೀದಿ ಯಾವ ಊರಿನದು? ಔಗ್ಸ್‌ಬುರ್ಗಿನದಿರಬಹುದು. ಶಿವಮೊಗ್ಗದ್ದಂತೂ ಅಲ್ಲ. ಆದ್ದರಿಂದ ಓದುವವರು ಇಲ್ಲಿನ ಹವೆಯನ್ನು, ದಿನಗಳ ಹಿಂದುಮುಂದನ್ನು ಪೂರ್ತಿ ನಂಬಬಾರದು. ಯಾರು ಏನಂದರು ಎಂಬುದನ್ನು ಆದಷ್ಟು ಅಂದಂದೇ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲೂ ನನ್ನದೇ ಮಾತು ಒಂದಷ್ಟು ಸೇರಿರುತ್ತದೆ.

ನಾನು ಕಡೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆ ಅಜ್ಜಂಪುರದಲ್ಲಿ. ಇತಿಹಾಸ ಕಲಿಸುವವರಿಗೆಂದು ಜರ್ಮನಿಯಲ್ಲಿ ನಡೆದ ಒಂದು ಬೇಸಿಗೆ ಶಿಬಿರಕ್ಕೆ ಹೋಗಿದ್ದೆ. ಅಲ್ಲಿನ ಭಾಷಣಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಅವು ನಮ್ಮಲ್ಲಿನ ಭಾಷಣಗಳ ಹಾಗೇ ಇದ್ದವು, ಕೊನೆಗೆ ವಂದನಾರ್ಪಣೆ ಇರಲಿಲ್ಲ ಅಷ್ಟೇ. ಬಿಡುವು ಸಿಕ್ಕಾಗ ನೋಡಿದ ಹಳೆಯ ಮರದಚ್ಚಿನ ಚಿತ್ರಗಳು ಮಾತ್ರ ನನ್ನ ಜೊತೆ ಊರಿಗೆ ಬಂದಿವೆ. ಬಂದು, ನಮ್ಮ ಮನೆಯ ಗೋಡೆಯ ಮೇಲಿನ ಒಂದು ಫೋಟೋವನ್ನು ನಾನು ಮೊದಲಿನಂತೆ ನೋಡಲಾರದ ಹಾಗೆ ಮಾಡಿವೆ.

ಕಿಟಕಿ ತೆರೆಯುವ ಮನೆ

ನಾನು ಉಳಿದಿದ್ದ ಮನೆಯ ಒಡತಿ ದಿನಾ ಬೆಳಿಗ್ಗೆ ಬಾಗಿಲು ತಟ್ಟಿ ಒಳಗೆ ಬಂದು, ಮಾತಿಲ್ಲದೆ ಕೋಣೆಯ ಎರಡೂ ಕಿಟಕಿಗಳನ್ನು ಅಗಲಕ್ಕೆ ತೆರೆದು ಹೋಗುತ್ತಿದ್ದಳು. ಚಳಿಗಾಳಿ ನುಗ್ಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದು ಮುಚ್ಚುತ್ತಿದ್ದಳು. ಹಳೆಯ ಗಾಳಿ ಹೋಗಿ ಹೊಸ ಗಾಳಿ ಬರಬೇಕಂತೆ. ಮಬ್ಬಾಗುತ್ತಿದ್ದಂತೆ ಸೊಳ್ಳೆ ಬರುತ್ತವೆಂದು ಕಿಟಕಿ ಮುಚ್ಚಿಸುವ ಮನೆಯಲ್ಲಿ ಬೆಳೆದ ನಾನು, ಹೊದಿಕೆಯೊಳಗೆ ಮುದುಡಿಕೊಂಡು ನನ್ನ ಹಳೆಯ ಗಾಳಿ ಹೊರಗೆ ಹೋಗುವುದನ್ನು ನೋಡುತ್ತಿದ್ದೆ.

ರಸ್ತೆ ದಾಟುವಲ್ಲಿ ಕೆಂಪು ದೀಪವಿದ್ದರೆ ಅಲ್ಲಿಯ ಜನ ಖಾಲಿ ರಸ್ತೆಗೂ ಮರ್ಯಾದೆ ಕೊಟ್ಟು ನಿಲ್ಲುತ್ತಾರೆ. ಎರಡನೆಯ ದಿನವೋ ಮೂರನೆಯ ದಿನವೋ ನಾನು ಸೈಕಲ್ಲಿನವರ ದಾರಿಯಲ್ಲಿ ಮೈಮರೆತು ನಡೆಯುತ್ತಿದ್ದೆ. ಹಿಂದಿನಿಂದ ಬಂದ ಮುದುಕರೊಬ್ಬರು ಸೈಕಲ್ ನಿಲ್ಲಿಸಿ, ಇಳಿದು, ಸ್ಟ್ಯಾಂಡ್ ಹಾಕಿ, ಆಮೇಲೆ ಬೈದರು. ಒಂದಕ್ಷರವೂ ತಿಳಿಯಲಿಲ್ಲ. ಆದರೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬೈದಷ್ಟೇ ಚೆನ್ನಾಗಿ ಅರ್ಥವಾಯಿತು.

ಅರಿಶಿನದ ಬೆರಳು

ಮರದಚ್ಚಿನ ಚಿತ್ರಗಳನ್ನು ಇಟ್ಟಿದ್ದ ಕೋಣೆಗೆ ಹೋಗಬೇಕಾದರೆ ಪೆನ್ನು, ಚೀಲ, ನೀರಿನ ಬಾಟಲಿ ಎಲ್ಲವನ್ನೂ ಹೊರಗಿಡಬೇಕು. ಪೆನ್ಸಿಲ್ಲಿಗೆ ಮಾತ್ರ ಅಪ್ಪಣೆ. ನಾನು ಹಾಗೇ ಮಾಡಿ ಹೋದೆ. ಚಿತ್ರಗಳನ್ನು ನೋಡಿಕೊಳ್ಳುವ ಕ್ಲೈನ್ ಎಂಬ ಹೆಂಗಸು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಬೆರಳ ತುದಿಗಳು ಹಳದಿಯಾಗಿದ್ದವು. ಮಧ್ಯಾಹ್ನ ಊರಿನಿಂದ ತಂದಿದ್ದ ಉಪ್ಪಿನಕಾಯಿ ಕಲಸಿ ಅನ್ನ ತಿಂದಿದ್ದೆ. ಏನು ಬಣ್ಣ ಇದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅರಿಶಿನ ಎಂದೆ. ಹೋಗಿ ತೊಳೆದು ಬನ್ನಿ ಎಂದರು. ತೊಳೆದು ಬಂದೆ. ಇನ್ನೊಮ್ಮೆ ತೊಳೆದು ಬನ್ನಿ ಎಂದರು. ಉಗುರಿನ ಸಂದಿನ ಹಳದಿ ಹೋಗಲೇ ಇಲ್ಲ. ಕೊನೆಗೆ, ನೀವು ಏನನ್ನೂ ಮುಟ್ಟಬೇಡಿ, ನಾನೇ ತಿರುವಿ ತೋರಿಸುತ್ತೇನೆ ಎಂದು ರಾಜಿಯಾದರು.

ಕೆಲವು ಅಂಗೈಯಗಲದ ಚಿತ್ರಗಳು, ಕೆಲವು ಪುಸ್ತಕದ ಹಾಳೆಯಷ್ಟು ದೊಡ್ಡವು. ಐನೂರು ವರ್ಷದ ಹಿಂದೆ ಮರದ ಹಲಗೆಯಲ್ಲಿ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ, ಆಮೇಲೆ ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಿದವು. ಯಾತ್ರೆಯ ಊರುಗಳಲ್ಲಿ ಮಾರುತ್ತಿದ್ದರಂತೆ. ಕೊಂಡವರು ಪೆಟ್ಟಿಗೆಯ ಮುಚ್ಚಳದ ಒಳಗೆ, ಬಾಗಿಲ ಹಿಂದೆ ಅಂಟಿಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಹಳೆಯ ಕ್ಯಾಲೆಂಡರಿನ ದೇವರನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸುವುದು ನೆನಪಾಯಿತು. ಬಾಣ ನಾಟಿಸಿಕೊಂಡ ಸಂತನ ಮೈಮೇಲೆ ಕೆಂಪು ಚುಕ್ಕೆಗಳಿದ್ದವು, ಪಕ್ಕದ ಮರದ ಮೇಲೂ ಒಂದೆರಡು ಬಿದ್ದಿದ್ದವು.

ಕೊನೆಗೆ ಕ್ಲೈನ್ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಮಗುವನ್ನೆತ್ತಿಕೊಂಡು ಬಾಗಿದ ಚಂದ್ರನ ಮೇಲೆ ನಿಂತ ಮೇರಿ. ಒಂದೇ ಹಲಗೆಯಿಂದ ಒತ್ತಿದವು. ಹಲಗೆಗೆ ಹುಳು ಹಿಡಿದಿತ್ತೆಂದು ಕಾಣುತ್ತದೆ. ಚಂದ್ರನ ಹತ್ತಿರ ಒಂದು ಪುಟ್ಟ ಬಿಳಿ ತೂತು ಎರಡರಲ್ಲೂ ಅದೇ ಜಾಗದಲ್ಲಿತ್ತು. ಅದೇ ಗೆರೆ, ಅದೇ ಕಣ್ಣು, ಅದೇ ತೂತು. ಆದರೆ ಒಂದರಲ್ಲಿ ಮೇರಿಯ ಮೇಲುಹೊದಿಕೆ ನೀಲಿ, ಇನ್ನೊಂದರಲ್ಲಿ ಕೆಂಪು. ನೀಲಿಯದರಲ್ಲಿ ಕೊರೆದ ಹಾಳೆಯನ್ನು ಮೇಲಿಟ್ಟು ಬಣ್ಣ ಬಳಿದಿದ್ದರು. ಹಾಳೆ ಸ್ವಲ್ಪ ಸರಿದು, ಮಗುವಿನ ಕಾಲೂ ನೀಲಿಯಾಗಿತ್ತು.

ಇವೆರಡರಲ್ಲಿ ಸರಿಯಾದ ಬಣ್ಣ ಯಾವುದು ಎಂದು ಕೇಳಿದೆ. ಕ್ಲೈನ್ ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಸುಮ್ಮನಾಗುವವರು. ಬಣ್ಣ ಹಾಕುವುದೇ ಕೆಲವರ ಕಸುಬಾಗಿತ್ತು, ಗಂಡ ಹೆಂಡತಿ ಮಕ್ಕಳು ಸೇರಿ ರಾಶಿಗಟ್ಟಲೆ ಹಾಕುತ್ತಿದ್ದರು, ಮೇರಿಗೆ ನೀಲಿ ಎಂಬುದು ರೂಢಿ ಎಂದರು. ಮತ್ತೆ ಇದು ಏಕೆ ಕೆಂಪು ಎಂದರೆ, ಆ ದಿನ ನೀಲಿ ಮುಗಿದಿರಬಹುದು ಎಂದರು. ತಮಾಷೆಗೆ ಹೇಳಿದರೋ ಇಲ್ಲವೋ ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ.

ನಾನು ಆ ಕೆಂಪು ಮೇರಿಯನ್ನೇ ನೋಡುತ್ತ ನಿಂತೆ. ಇದನ್ನು ಯಾರೋ ಮನೆಗೆ ಒಯ್ದಿರುತ್ತಾರೆ. ಆ ಮನೆಯ ಮಗು ಇದನ್ನೇ ನೋಡುತ್ತ ನಿದ್ದೆ ಹೋಗಿರುತ್ತದೆ. ಅದರ ಕನಸಿಗೆ ಬರುವ ಮೇರಿ ಕೆಂಪು ಹೊದ್ದಿರುತ್ತಾಳೆ. ಪಕ್ಕದೂರಿನ ಮಗುವಿಗೆ ನೀಲಿ. ದೊಡ್ಡವರಾದ ಮೇಲೆ ಇಬ್ಬರೂ, ನಾನು ಕಣ್ಣಾರೆ ಕಂಡೆ ಎಂದೇ ಹೇಳುತ್ತಾರೆ. ಆಗ ನಮ್ಮ ಮನೆಯ ಗೋಡೆಯ ಫೋಟೋ ನೆನಪಾಯಿತು.

ನನ್ನ ಅಮ್ಮ ತೀರಿಕೊಂಡಿದ್ದು ನನಗೆ ನಾಲ್ಕು ತುಂಬುವ ಮೊದಲು. ಅವಳದೆಂದು ನನ್ನಲ್ಲಿ ಒಂದೇ ಒಂದು ನೆನಪಿದೆ. ಅಜ್ಜಂಪುರದ ರೈಲ್ವೆ ಗೇಟಿನ ಹತ್ತಿರ ಅಮ್ಮ ನನ್ನ ಮುಂದೆ ನಿಂತಿದ್ದಾಳೆ. ರೈಲು ಹೋಗುತ್ತಿದೆ. ಅದರ ಗಾಳಿಗೆ ಅವಳ ಸೆರಗು ಹಾರಿ ನನ್ನ ಮುಖವನ್ನೆಲ್ಲ ಮುಚ್ಚುತ್ತದೆ, ರೈಲು, ಆಕಾಶ, ಜನ ಎಲ್ಲವೂ ಹಸಿರಾಗುತ್ತದೆ. ಅಷ್ಟೇ. ಅವಳ ಮುಖ ಅದರಲ್ಲಿಲ್ಲ. ಅವಳ ಮುಖ ನನಗೆ ಗೊತ್ತಿರುವುದು ಗೋಡೆಯ ಫೋಟೋದಿಂದ, ಅದನ್ನು ಎಂದೋ ಒಪ್ಪಿಕೊಂಡಿದ್ದೇನೆ. ಆ ಹಸಿರು ಮಾತ್ರ ನನ್ನದು ಎಂದುಕೊಂಡಿದ್ದೆ.

ಆ ಫೋಟೋ ಕಪ್ಪುಬಿಳುಪಿನದು. ಅದಕ್ಕೆ ಕೈಯಿಂದ ಬಣ್ಣ ಹಾಕಿದವರು ನನ್ನ ಸೋದರತ್ತೆ, ಗಿರಿಜತ್ತೆ. ತರೀಕೆರೆಯಲ್ಲಿ ಮಾವನ ಸ್ಟುಡಿಯೋ ಇತ್ತು. ಮಾವ ಫೋಟೋ ತೆಗೆಯುವುದು, ಒಳಕೋಣೆಯಲ್ಲಿ ಕೂತು ಅತ್ತೆ ಬಣ್ಣ ಹಾಕುವುದು. ಮುತ್ತೈದೆಯಾಗಿ ಹೋದವಳ ಫೋಟೋ ಬಂತೆಂದರೆ ಅತ್ತೆ ಏನನ್ನೂ ಕೇಳುತ್ತಿರಲಿಲ್ಲ: ಸೀರೆಗೆ ಹಸಿರು, ಕುಪ್ಪಸಕ್ಕೆ ಕೆಂಪು, ಹಣೆಗೆ ಕುಂಕುಮ. ಕೊನೆಯ ದಿನ ಅವರಿಗೆ ಉಡಿಸುವುದೂ ಹಸಿರೇ ಅಲ್ಲವೇ.

ಅಮ್ಮನ ಫೋಟೋದ ಸೀರೆಯೂ ಹಸಿರು. ಅತ್ತೆಯ ರೂಢಿಯೂ ನನಗೆ ಚಿಕ್ಕಂದಿನಿಂದ ಗೊತ್ತು, ಫೋಟೋವೂ ಗೊತ್ತು, ನನ್ನ ನೆನಪೂ ಗೊತ್ತು. ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

ಭಾನುವಾರ

ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಮೊದಲೇ ಗೊತ್ತಿಲ್ಲದವರಿಗೆ ಬಿಸ್ಕತ್ತೇ ಊಟ. ಬಿಸ್ಕತ್ತು ತಿನ್ನುತ್ತ, ಕ್ಲೈನ್ ಅವರ ಅಪ್ಪಣೆ ಪಡೆದು ಫೋನಿನಲ್ಲಿ ತೆಗೆದುಕೊಂಡಿದ್ದ ಆ ನೀಲಿ ಮೇರಿಯ ಚಿತ್ರವನ್ನು ಅತ್ತೆಗೆ ವಾಟ್ಸಾಪಿನಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅತ್ತೆಯೇ ಫೋನು ಮಾಡಿದರು.

“ಯಾರೇ ಇದಕ್ಕೆ ಬಣ್ಣ ಹಾಕಿರೋಳು? ಮಗೀನ ಕಾಲೆಲ್ಲ ನೀಲಿ ಮಾಡವ್ಳೆ. ಕೃಷ್ಣ ಅಂದ್ಕಂಡ್ಳೇನೋ.”

ಹಾಕಿದವರು ಸತ್ತು ಐನೂರು ವರ್ಷವಾಯಿತು ಎಂದೆ.

“ಸತ್ರೆ ಏನಾಯ್ತು, ಕೆಲ್ಸ ಕೆಲ್ಸಾನೇ ಕಣೇ. ನಿಮ್ಮ ಮಾವ ಇದ್ದಿದ್ರೆ ಎದುರಿಗೇ ಹರಿದು ಹಾಕೋರು. ನನ್ನ ಕೈಯಿಂದ ಒಂದ್ ದಿನ ಗೆರೆ ದಾಟಿದ್ದಿಲ್ಲ.”

ಹೊಗಳಿಕೊಳ್ಳುವುದು ಅತ್ತೆಗೆ ಇಷ್ಟ. ಆ ಉತ್ಸಾಹದಲ್ಲೇ ಹಳೆಯದೊಂದು ಕಥೆ ಹೇಳಿದರು. ಅಂತರಘಟ್ಟೆ ಕಡೆಯವನೊಬ್ಬ ತನ್ನ ಮುದಿ ತಾಯಿಯನ್ನು ಕರೆತಂದು ಫೋಟೋ ತೆಗೆಸಿದ್ದನಂತೆ. ಆಕೆ ಗಂಡ ಹೋದವಳು, ಬೋಳು ಹಣೆ. ಒಳಗೆ ಕೂತ ಅತ್ತೆಗೆ ಅದು ಗೊತ್ತಿಲ್ಲ. ಕೈ ಹೋದ ಹಾಗೆ ಹಸಿರು ಸೀರೆ, ಹಸಿರು ಬಳೆ, ಇಷ್ಟಗಲ ಕುಂಕುಮ ಹಾಕಿ ಕೊಟ್ಟುಬಿಟ್ಟರು. ಮಗ ಬಂದು ಅಂಗಡಿ ಹಾರಿಹೋಗುವಂತೆ ಕೂಗಾಡಿದ. ಮಾವ, ಒರೆಸಿ ಬೇರೆ ಹಾಕಿಸಿಕೊಡುತ್ತೇನೆ ಎಂದು ಕೈಮುಗಿದರು. ಅಷ್ಟರಲ್ಲಿ ಆ ಮುದುಕಿ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ಇರ್ಲಿ ಬಿಡಪ್ಪ, ಚೆನ್ನಾಗೈತೆ” ಅಂದಳಂತೆ. ಸೆರಗಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಳಂತೆ.

ಇದನ್ನು ಅತ್ತೆ ತಮ್ಮ ತಪ್ಪೆಂದು ಹೇಳಲಿಲ್ಲ, ಗೆದ್ದ ಕಥೆಯಂತೆ ಹೇಳಿದರು. ನಾನು ನಗುತ್ತಲೇ, ಹಾಗಾದರೆ ಅಮ್ಮನ ಫೋಟೋದ ಸೀರೆ, ಎಂದು ಶುರುಮಾಡಿದೆ. ಕುಕ್ಕರ್ ಕೂಗುತ್ತಿದೆ, ಆಮೇಲೆ ಮಾಡುತ್ತೇನೆ ಎಂದು ಅತ್ತೆ ಫೋನಿಟ್ಟರು. ನನಗೆ ಕುಕ್ಕರಿನ ಸದ್ದು ಕೇಳಿಸಿರಲಿಲ್ಲ. ಅಷ್ಟು ದೂರಕ್ಕೆ ಅದು ಕೇಳಿಸದೇ ಹೋಗಿರಲೂಬಹುದು.

ಎರಡಾದ ರೈಲು

ಔಗ್ಸ್‌ಬುರ್ಗಿಗೆ ಹೊರಟ ದಿನ ತಪ್ಪು ಡಬ್ಬಿಯಲ್ಲಿ ಕೂತೆ. ನಡುವೆ ಒಂದು ಜಂಕ್ಷನ್ನಿನಲ್ಲಿ ರೈಲು ಎರಡಾಗಿ, ಮುಂದಿನ ಅರ್ಧ ಒಂದು ಊರಿಗೆ, ಹಿಂದಿನ ಅರ್ಧ ಇನ್ನೊಂದು ಊರಿಗೆ ಹೋಗುತ್ತದೆ. ಅದನ್ನು ಧ್ವನಿವರ್ಧಕದಲ್ಲಿ ಹೇಳಿದ್ದರಂತೆ, ಜರ್ಮನ್ ಭಾಷೆಯಲ್ಲಿ. ಬೀರೂರಿನಲ್ಲಿ ಶಿವಮೊಗ್ಗದ ಡಬ್ಬಿಗಳನ್ನು ಕಳಚುವುದನ್ನು ನೋಡುತ್ತ ಬೆಳೆದವಳು ನಾನು. ಹಾಗೆ ಕಳಚುವಾಗ ಕಾಫಿ ಕುಡಿಯಲು ಇಳಿದು ಬೇರೆ ಡಬ್ಬಿ ಹತ್ತಿದವರ ಕಥೆ ಹೇಳಿ ನಕ್ಕವಳು. ನನಗೇ ಹೀಗಾಯಿತು. ಊರುಗಳ ಹೆಸರು ಹೊಂದುತ್ತಿಲ್ಲವೆಂದು ಅನುಮಾನ ಬಂದು, ಸಿಕ್ಕ ಸಣ್ಣ ಸ್ಟೇಷನ್ನಿನಲ್ಲಿ ಇಳಿದೆ.

ಅಲ್ಲಿ ಒಂದು ಬೆಂಚು, ಒಂದು ಗಡಿಯಾರ, ಒಬ್ಬ ಅಜ್ಜಿ. ಹಿಂದೆ ಹೋಗುವ ರೈಲಿಗೆ ಬಹಳ ಹೊತ್ತಿದೆ ಎಂದು ಅಜ್ಜಿ ಗಡಿಯಾರ ತೋರಿಸಿ ತಿಳಿಸಿದರು. ಕಾಗದದ ಪೊಟ್ಟಣದಿಂದ ಚೆರ್ರಿ ಹಣ್ಣು ಕೊಟ್ಟು, ಬೀಜ ಹಳಿಯ ಮೇಲೆ ಉಗಿಯಬಹುದೆಂದು ಉಗಿದು ತೋರಿಸಿದರು. ಕೆಂಪು ದೀಪಕ್ಕೆ ಅಷ್ಟು ಮರ್ಯಾದೆ ಕೊಡುವ ದೇಶದಲ್ಲಿ ಇದಕ್ಕೆ ತಡೆಯಿಲ್ಲವೆಂದು ಆಶ್ಚರ್ಯವಾಯಿತು. ಆಮೇಲೆ ಅವರು ತೂಕಡಿಸಿದರು. ಎದುರಿಗೆ ಗೋಧಿಯ ಹೊಲ ಗಾಳಿಗೆ ಒಂದು ದಿಕ್ಕಿಗೆ ಬಾಗಿ, ಮತ್ತೆ ಏಳುತ್ತಿತ್ತು.

ನಾನು ಕಣ್ಣು ಮುಚ್ಚಿ ಅಜ್ಜಂಪುರದ ಗೇಟಿಗೆ ಹೋದೆ. ಅಮ್ಮ ಅಲ್ಲೇ ನಿಂತಿದ್ದಳು. ಪರೀಕ್ಷೆ ಮಾಡೋಣವೆನ್ನಿಸಿ ಅವಳಿಗೆ ಕೆಂಪು ಸೀರೆ ಉಡಿಸಿದೆ. ರೈಲು ಬಂತು, ಸೆರಗು ಹಾರಿತು, ನನ್ನ ಮುಖಕ್ಕೆ ಬಡಿಯಿತು, ಆಕಾಶವೆಲ್ಲ ಕೆಂಪಾಯಿತು. ಹಳದಿ ಉಡಿಸಿದೆ. ರೈಲು ಬಂತು, ಲೋಕ ಹಳದಿಯಾಯಿತು. ನೀಲಿಗೂ ಹಾಗೇ. ಅಮ್ಮ ಯಾವುದಕ್ಕೂ ಬೇಡವೆನ್ನಲಿಲ್ಲ. ಕೊಟ್ಟಿದ್ದನ್ನು ಉಟ್ಟು, ಬೆನ್ನು ತಿರುಗಿಸಿಕೊಂಡೇ ನಿಂತಳು. ಹೆದರಿಕೆಯಾಗಿ ಮತ್ತೆ ಹಸಿರು ಬೇಕೆಂದು ಹುಡುಕಿದೆ. ಬಂತು. ಆದರೆ ಉಳಿದವುಗಳ ಸಾಲಿನಲ್ಲಿ, ಅವುಗಳಂತೆಯೇ ಬಂತು. ಮೊದಲು ಅದು ಕರೆಯದೆ ಬರುತ್ತಿತ್ತು.

ಕಣ್ಣು ಬಿಟ್ಟಾಗ ಅಜ್ಜಿ ನನ್ನ ತೋಳು ತಟ್ಟುತ್ತಿದ್ದರು. ರೈಲು ಬಂದಿತ್ತು.

ಔಗ್ಸ್‌ಬುರ್ಗ್

ತಡವಾಗಿ ತಲುಪಿ, ಮುಚ್ಚುವ ಹೊತ್ತಿಗೆ ಅಲ್ಲಿನ ಸಂಗ್ರಹಾಲಯದೊಳಗೆ ಹೋದೆ. ಮಗುವನ್ನು ಹೆಗಲಮೇಲೆ ಹೊತ್ತು ಹೊಳೆ ದಾಟಿಸುವ ಸಂತನ ಚಿತ್ರ ಒಂದು ಹಳೆಯ ಪೆಟ್ಟಿಗೆಯ ಮುಚ್ಚಳದ ಒಳಗಿತ್ತು. ಬೆಳಿಗ್ಗೆ ಅವನ ಮುಖ ನೋಡಿದವರಿಗೆ ಆ ದಿನ ಹಠಾತ್ ಸಾವಿಲ್ಲ ಎಂದು ಜನ ನಂಬಿದ್ದರಂತೆ. ಪ್ರಯಾಣ ಹೊರಡುವವರು ಪೆಟ್ಟಿಗೆ ತೆರೆದು ನೋಡಿ ಹೋಗುತ್ತಿದ್ದರು. ಇವನನ್ನು ನಾನು ರೈಲು ಹತ್ತುವ ಮೊದಲೇ ನೋಡಬೇಕಿತ್ತು.

ಕಡೆಯ ಕೋಣೆಯಲ್ಲಿ ಬಣ್ಣವಿಲ್ಲದ ಚಿತ್ರವೊಂದಿತ್ತು, ಮಗನ ಶವವನ್ನು ಮಡಿಲಲ್ಲಿಟ್ಟುಕೊಂಡ ಮೇರಿ. ಪಕ್ಕದ ಚೀಟಿ ಓದಿದರೆ, ಇದಕ್ಕೆ ಹಿಂದೆ ಬಣ್ಣವಿತ್ತು, ಆಮೇಲಿನ ಯಾರೋ ಸಂಗ್ರಹಕಾರ ಅದನ್ನು ತೊಳೆಸಿದ್ದಾನೆ ಎಂದಿತ್ತು. ಬಣ್ಣ ಹಳ್ಳಿಗರಿಗೆ, ಗೆರೆ ತಿಳಿದವರಿಗೆ ಎಂದು ಆಗ ಕೆಲವರ ಅಭಿಪ್ರಾಯ. ಬಗ್ಗಿ ನೋಡಿದೆ. ಗೆರೆಗಳು ನಿಜಕ್ಕೂ ಚೆನ್ನಾಗಿದ್ದವು. ಬಟ್ಟೆಯ ಒಂದು ಮಡಿಕೆಯಲ್ಲಿ ಮಾತ್ರ, ನೀರಿಗೆ ಸಿಗದೆ, ಚೂರು ಹಸಿರು ಉಳಿದಿತ್ತು.

ಅಮ್ಮನ ಫೋಟೋದ ಬಣ್ಣವನ್ನೂ ಹೀಗೆ ತೆಗೆಯಬಹುದೇನೋ ಎಂದು ನಾನು ಒಂದು ಗಳಿಗೆ ಯೋಚಿಸಿದ್ದುಂಟು. ಕೆಳಗೆ ಏನು ಸಿಕ್ಕೀತು? ಬೂದು ಬಣ್ಣ. ಬೂದು ಬಣ್ಣಕ್ಕೆ ತಾನು ಹಿಂದೆ ಹಸಿರಾಗಿದ್ದೆನೋ ಕೆಂಪಾಗಿದ್ದೆನೋ ಗೊತ್ತಿರುವುದಿಲ್ಲ.

ಹೊರಗೆ ಬಂದಾಗ ಬೀದಿಯ ಕಲ್ಲುಗಳು ಒದ್ದೆಯಾಗಿದ್ದವು. ಹೌದು, ಮಳೆ ಇಲ್ಲೇ ಬಂದಿದ್ದು.

ಅಜ್ಜಂಪುರ

ಮನೆಗೆ ಬಂದ ಮರುದಿನ ಫೋಟೋವನ್ನು ಗೋಡೆಯಿಂದ ಇಳಿಸಿದೆ. ಎದೆಯವರೆಗಿನ ಚಿತ್ರ. ಯಾವುದೋ ಮದುವೆಯ ಗುಂಪಿನಿಂದ ಅಮ್ಮನೊಬ್ಬಳನ್ನೇ ಬಿಡಿಸಿ ದೊಡ್ಡದು ಮಾಡಿದ್ದು. ಗಾಜು ತೆಗೆದು ಬೆಳಕಿಗೆ ಹಿಡಿದೆ. ಎಡಭುಜದ ಹತ್ತಿರ ಸೀರೆಯ ಹಸಿರು ಗೆರೆ ದಾಟಿ, ಕತ್ತಿನ ಮೇಲೆ ಕೂದಲೆಳೆಯಷ್ಟು ಹೋಗಿದೆ. ಅತ್ತೆಯ ಕೈ ನಡುಗಿರಬಹುದು. ಅವರಿಬ್ಬರೂ ನಾದಿನಿ ಅತ್ತಿಗೆಯರಿಗಿಂತ ಹೆಚ್ಚಾಗಿ ಗೆಳತಿಯರಾಗಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅಥವಾ ಅಮ್ಮ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನಕ್ಕೆ ಫೋಟೋ ಬೇಕಿತ್ತು, ಅವಸರದಲ್ಲಿ ಹಾಕಿದ್ದಿರಬಹುದು. ನನಗೆ ಮೊದಲನೆಯದೇ ನಿಜವಾಗಲಿ ಎನ್ನಿಸುತ್ತದೆ. ಆದ್ದರಿಂದಲೇ ಅದನ್ನು ನಂಬಲು ಹಿಂಜರಿಕೆ.

ಕೇಳಲು ಬೇರೆ ಯಾರೂ ಉಳಿದಿಲ್ಲ. ಅಮ್ಮನ ಸೀರೆಗಳನ್ನೆಲ್ಲ ಆಗಲೇ ನೆಂಟರಿಗೆ ಹಂಚಿಬಿಟ್ಟಿದ್ದರು. ಅಜ್ಜಿ ಹೋದಳು. ಅಪ್ಪ ಇದ್ದಾಗ ಒಮ್ಮೆ, ಅಮ್ಮ ಎಂಥ ಸೀರೆ ಉಡುತ್ತಿದ್ದಳು ಎಂದು ಕೇಳಿದ್ದೆ. “ಸೀರೆ ಸೀರೆ ಥರಾನೇ ಇರ್ತಿತ್ತು” ಎಂದಿದ್ದರು.

ತರೀಕೆರೆ

ತರೀಕೆರೆಯ ಸ್ಟುಡಿಯೋ ಈಗಿಲ್ಲ. ಆ ಮಳಿಗೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ. ಅತ್ತೆ ಮಗ ಸೊಸೆಯ ಜೊತೆ ಹಿಂದಿನ ಬೀದಿಯಲ್ಲಿದ್ದಾರೆ. ನಾನು ಹೋದಾಗ ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಜರ್ಮನಿಯ ಚಾಕಲೇಟು ಕಹಿ ಎಂದು ಬೈದರು, ಇನ್ನೊಂದು ತಿಂದರು. ನಾನು ಇಬ್ಬರು ಮೇರಿಯರನ್ನೂ ಕಾಗದದ ಮೇಲೆ ತೆಗೆಸಿಕೊಂಡು ಹೋಗಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿ, ಕೆಂಪಿನವಳೇ ಲಕ್ಷಣವಾಗಿದ್ದಾಳೆ, ನೀಲಿಯವಳಿಗೆ ಜ್ವರ ಬಂದಂತಿದೆ ಎಂದರು.

ಸಮಯ ನೋಡಿ, ಅಮ್ಮ ಆ ಮದುವೆಯಲ್ಲಿ ಉಟ್ಟಿದ್ದ ಸೀರೆ ಹಸಿರೇನಾ ಎಂದು ಕೇಳಿದೆ. ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು.

“ನೀನೇ ಹೇಳ್ತಿದ್ದೆಯಲ್ಲೇ, ಇಷ್ಟುದ್ದ ಇದ್ದಾಗಿಂದ. ಅಮ್ಮ ಹಸ್ರು ಸೀರೆ ಉಟ್ಕಂಡು ಗೇಟ್ ಹತ್ರ ನಿಂತಿದ್ಲು ಅಂತ. ನೀನು ಹೇಳಿದ್ ಕೇಳೀ ಕೇಳೀ ನಂಗೂ ಅವ್ಳು ಹಂಗೇ ಕಾಣ್ತಾಳೆ ಕಣೇ. ಈಗ ಬಂದು ನನ್ನನ್ನ ಕೇಳಿದ್ರೆ ನಾನು ಯಾರನ್ನ ಕೇಳ್ಲಿ?”

ನಾನು ಹಾಗೆ ಹೇಳಲು ಶುರುಮಾಡಿದ್ದು ಫೋಟೋ ಗೋಡೆಗೆ ಬರುವ ಮೊದಲೋ ಆಮೇಲೋ ಎಂದೆ. ಅದು ಯಾರಿಗೆ ನೆನಪಿರುತ್ತದೆ ಎಂದರು. ಇಷ್ಟು ವರ್ಷ ನಾನು ಅವರ ಬಣ್ಣವನ್ನು ನಂಬಿಕೊಂಡಿದ್ದೆನೋ, ಅವರು ನನ್ನ ಮಾತನ್ನು ನಂಬಿಕೊಂಡಿದ್ದರೋ, ಅಥವಾ ಇಬ್ಬರೂ ಅಮ್ಮನನ್ನೇ ನೋಡಿದ್ದೆವೋ. ಜಗಲಿಯ ಮೇಲೆ ಹತ್ತಿಯ ಎಳೆಗಳು ಹಾರಾಡುತ್ತಿದ್ದವು. ಅತ್ತೆ ಒಂದನ್ನು ಹಿಡಿದು, ನಾಲಗೆಗೆ ತಾಗಿಸಿ, ಬತ್ತಿಗೆ ಸೇರಿಸಿದರು.

ಆಮೇಲೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಕೇಳಿಸಿತು ಅವರಿಗೆ, ಹೊಸೆಯುವ ಕೈ ನಿಂತಿತು. ಸೊಸೆ ಕಾಫಿ ತಂದಳು. ಅತ್ತೆ ಲೋಟ ಹಿಡಿದು ಬೀದಿಯನ್ನೇ ನೋಡುತ್ತ ಕುಡಿದರು. ಬೀರೂರಿನ ಬಸ್ಸಿಗೆ ಹೊತ್ತಾಯಿತೆಂದು ಅವರೇ ನನ್ನನ್ನು ಎಬ್ಬಿಸಿ, ತಲೆಗೆ ಹೂ ಮುಡಿಸಿ ಕಳಿಸಿದರು. ಅದಾದ ಮೇಲೆ ಎಷ್ಟೋ ಸಲ ಫೋನು ಮಾಡಿದ್ದಾರೆ. ಮಂಡಿನೋವು, ಲಕ್ಕವಳ್ಳಿಯ ಡ್ಯಾಮ್ ತುಂಬಿದ್ದು, ಸೊಸೆಯ ಸಾರು, ಎಲ್ಲ ಮಾತಾಡುತ್ತಾರೆ. ನಾನು ಆ ಉತ್ತರಕ್ಕೆ ಕಾಯುತ್ತ ಕೇಳಿಸಿಕೊಳ್ಳುತ್ತೇನೆ. ಅವತ್ತು ಜಗಲಿಯ ಮೇಲೆ ನಾನು ಕೇಳಿದ್ದು ಇಷ್ಟು:

“ಅತ್ತೆ, ಊರವರ ಫೋಟೋಗೆಲ್ಲ ಹಾಕೋ ಹಸಿರನ್ನೇ ಅಮ್ಮನಿಗೂ ಹಾಕಿದ್ರಾ, ಇಲ್ಲ ಅವಳನ್ನ ನೆನೆಸ್ಕೊಂಡು ಹಾಕಿದ್ರಾ?”